ಕರಿ ತಂತಿಯ ಪಕ್ಕ ಕರಿ ತಂತಿ

ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ‘ಸಿದ್ಧೇಶ್ವರ ಕಂಪ್ಯೂಟರ್ಸ್’ ಎಂಬ ಅಂಗಡಿಯಿತ್ತು. ಕಂಪ್ಯೂಟರ್ ಇದ್ದದ್ದು ಒಂದೇ. ಬಹುವಚನ ಗೌರವಕ್ಕೆ.

ಮುಚ್ಚಿಹೋದ ಯಾವುದೋ ಆಫೀಸಿನ ಹರಾಜಿನಲ್ಲಿ ಕನಕರಾಜು ಅದನ್ನು ಹಿಡಿದಾಗಲೇ ಅದಕ್ಕೆ ವಯಸ್ಸಾಗಿತ್ತು. ಎರಡು ಸಾವಿರದ ಇಸವಿ ಬಂದ ಕ್ಷಣ ಲೋಕದ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಕೂರುತ್ತವೆ ಎಂದು ಪತ್ರಿಕೆಗಳು ಬರೆದಿದ್ದವು. ಕನಕರಾಜುವಿನ ಕಂಪ್ಯೂಟರ್ ಸದ್ದಿಲ್ಲದೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ, ಎಂಬತ್ತನೇ ಇಸವಿಯಲ್ಲಿ ಕೂತು, ಎಂದಿನಂತೆ ಕೆಲಸ ಮಾಡಿತು. ಆ ವರ್ಷ ಸತ್ತ ಕೆಲವರು ಕಾರ್ಡಿನಲ್ಲಿ ಇಪ್ಪತ್ತು ವರ್ಷ ಮುಂಚೆಯೇ ಸತ್ತರು. ಯಾರೂ ಆಕ್ಷೇಪಿಸಲಿಲ್ಲ.

ಕಾರ್ಡು ಎಂದರೆ ತಿಥಿ ಕಾರ್ಡು. ಮದುವೆಯವರು ಬಣ್ಣದ ಕಾರ್ಡಿಗಾಗಿ ಮೈಸೂರಿಗೆ ಹೋಗುತ್ತಿದ್ದರು. ಸತ್ತವರ ಕಡೆಯವರಿಗೆ ಅಷ್ಟು ಪುರುಸೊತ್ತಿರುವುದಿಲ್ಲ. ಅವರು ಕನಕರಾಜುವಿನ ಎದುರು ಸ್ಟೂಲಿನ ಮೇಲೆ ಕೂತು, ಯಾರ ಹೆಸರು ಮೊದಲು ಯಾರದು ಆಮೇಲೆ ಎಂದು ಜಗಳವಾಡಿ, ಕೊನೆಗೊಂದು ಒಪ್ಪಂದಕ್ಕೆ ಬಂದು ಹೇಳುತ್ತಿದ್ದರು. ಕನಕರಾಜು ಕುಟ್ಟುತ್ತಿದ್ದ. ಮಾತು ಅವನ ಕಿವಿಯಿಂದ ನೇರ ಬೆರಳಿಗೆ ಇಳಿಯುತ್ತಿತ್ತು. ನಡುವೆ ತಲೆಗೆ ಕೆಲಸವಿರಲಿಲ್ಲ. ಇದನ್ನು ಅವನು ವೃತ್ತಿಧರ್ಮವೆಂದು ತಿಳಿದಿದ್ದ. ಫ್ಲಾಪಿಯಲ್ಲಿ ಇನ್ನೊಂದು ಪ್ರತಿ ಇಟ್ಟುಕೋ ಎಂದು ಯಾರಾದರೂ ಬುದ್ಧಿ ಹೇಳಿದರೆ, ‘ಇದರೊಳಗೆ ಹಾಕಿದ್ದನ್ನ ಯಮ ಬಂದ್ರೂ ಅಳಿಸಕ್ಕಾಗಲ್ಲ’ ಎನ್ನುತ್ತಿದ್ದ. ಯಮ ಅದನ್ನು ಕೇಳಿಸಿಕೊಂಡಿರಬೇಕು.

ಆ ವರ್ಷದ ಮಳೆಗಾಲದ ಕೊನೆಗೆ ಕಲ್ಲುಮಂಟಿಯ ಚೆಲುವಯ್ಯನವರು ಕೊರಳಿಗೆ ಟವೆಲು ಸುತ್ತಿಕೊಂಡು ಅಂಗಡಿಗೆ ಬಂದರು. ಹೊಗೆಸೊಪ್ಪು ಬೆಳೆದು ಬೆಳೆದು ಮೈಯೆಲ್ಲ ಅದೇ ಬಣ್ಣಕ್ಕೆ ತಿರುಗಿದ್ದ ಮುದುಕರು.

‘ಒಂದು ತಿಥಿ ಕಾರ್ಡ್ ಮಾಡ್ಬೇಕಲ್ಲಪ್ಪ ಕನಕ್ರಾಜು.’

‘ಯಾರದ್ದಣ್ಣ?’

‘ನಂದೇ.’

ಕನಕರಾಜು ಕೀಬೋರ್ಡಿನ ಮೇಲಿಟ್ಟಿದ್ದ ಕೈ ತೆಗೆದ.

ಗಂಟಲಲ್ಲಿ ಗಡ್ಡೆ ಬಂದಿತ್ತು. ಮುಂದಿನ ವಾರ ಮೈಸೂರಿನಲ್ಲಿ ಕೊಯ್ಯುತ್ತಾರೆ. ಗಡ್ಡೆಯ ಜೊತೆ ದನಿಯನ್ನೂ ತೆಗೆಯುತ್ತಾರೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಚೆಲುವಯ್ಯನವರಿಗೆ ಓದುಬರಹ ಬಾರದು. ಹೇಳುವುದನ್ನೆಲ್ಲ ಈಗಲೇ ಹೇಳಿಬಿಡಬೇಕಿತ್ತು.

ಹೇಳಬೇಕಾಗಿದ್ದದ್ದು ಮಗಳು ಶಾಂತಲಾಳ ವಿಷಯ. ಅವಳು ಬೇರೆ ಜಾತಿಯ ವಸಂತ್ ಎಂಬ ಶುಂಠಿ ಲಾರಿಯ ಡ್ರೈವರನ್ನು ಮದುವೆಯಾಗಿ ಎನ್. ಬೇಗೂರಿಗೆ ಹೋಗಿಬಿಟ್ಟಾಗ, ಚೆಲುವಯ್ಯನವರು ಊರೆಲ್ಲ ಸೇರಿದ ಮಾರಿಗುಡಿಯ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಆಣೆ ಹಾಕಿದ್ದರು: ತಾನು ಬದುಕಿರುವ ತನಕ ಅವಳು ತನ್ನ ಮನೆಯ ಹೊಸಿಲು ತುಳಿಯಕೂಡದು. ಅಂಗೈ ಸುಟ್ಟದ್ದು ವಾಸಿಯಾಯಿತು. ಆಣೆ ವಾಸಿಯಾಗಲಿಲ್ಲ. ಮಗ ನೀಲಕಂಠಸ್ವಾಮಿ ಅಪ್ಪನ ಗದ್ದೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನು ಕಾಯುವಷ್ಟೇ ಶ್ರದ್ಧೆಯಿಂದ ಅಪ್ಪನ ಆಣೆಯನ್ನೂ ಕಾಯುತ್ತಿದ್ದ.

‘ಮಾರಿ ಮುಂದೆ ಆಕಿದ ಆಣೆ, ಮುರಿಯಂಗಿಲ್ಲ,’ ಎಂದರು ಚೆಲುವಯ್ಯ. ‘ಆದ್ರೆ ಅದು ಎಲ್ಲೀಗಂಟ? ನಾನು ಬದುಕಿರೋಗಂಟ. ತಿಥಿ ಕಾರ್ಡ್ನಲ್ಲಿ ನಾನು ಬದುಕಿರ್ತೀನಾ?’

‘ಇಲ್ಲ ಕಣಣ್ಣ.’

‘ಅಂಗಾದ್ರೆ ಕಾರ್ಡ್ನಲ್ಲಿ ನಾನೇ ಅವಳ್ನ ಕರೀಬೋದು. ಬರ್ಕೊ. ಮಗನ ಕಿವಿಗೆ ಬೀಳಬಾರ್ದು. ಅವ್ನು ಗೀಚಾಕಿಬುಡ್ತಾನೆ. ನಾನು ಆಸ್ಪತ್ರೆಯಿಂದ ಬಂದ್ಮೇಲೆ ಒಂದ್ಸಲ ಓದಿ ಕೇಳ್ಸು. ನಾನು ತಲೆ ಆಡ್ಸಿದ್ಮೇಲೆ ಅಚ್ಚಾಕು. ನಾನೇ ಊರೂರಿಗೆ ಅಂಚ್ತೀನಿ.’

ಅವತ್ತು ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನ ತನಕ ಅವರು ಹೇಳಿದರು. ಒಮ್ಮೆ ನಕ್ಕರು. ಒಮ್ಮೆ ಟವೆಲಿನ ಚುಂಗನ್ನು ಬಾಯಿಗೆ ತುರುಕಿಕೊಂಡರು. ಕನಕರಾಜು ಕುಟ್ಟಿದ. ಅವನ ಕಿವಿ ಕೇಳಿತು, ಬೆರಳು ಓಡಿತು. ತಲೆ ಮಾತ್ರ, ಎಂದಿನಂತೆ, ಸಾಯಂಕಾಲದ ಬೋಂಡಾದ ಯೋಚನೆಯಲ್ಲಿತ್ತು.

ಚೆಲುವಯ್ಯನವರು ಆಸ್ಪತ್ರೆಯಲ್ಲಿದ್ದಾಗ ಆಯುಧಪೂಜೆ ಬಂತು.

ಕನಕರಾಜು ಭಕ್ತ. ಕಂಪ್ಯೂಟರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿಪಟ್ಟೆ ಬಳಿದು, ಅರಿಶಿನ ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿದ. ಹೆಂಡತಿ ಬೃಂದಾ, ‘ಕಾಯಿ ಹೊರಗೆ ಒಡೀರಿ’ ಎಂದಳು. ಆಯುಧಕ್ಕೆ ಮಾಡುವ ಪೂಜೆ ಆಯುಧದ ಮೇಲೇ ಆಗಬೇಕು ಎಂಬುದು ಕನಕರಾಜುವಿನ ಸಿದ್ಧಾಂತ. ಕಂಪ್ಯೂಟರಿನ ಮೇಲೆಯೇ ಮಚ್ಚಿನಲ್ಲಿ ಕಾಯಿ ಒಡೆದ. ಎಳನೀರಿನಂತೆ ತುಂಬಿದ್ದ ಕಾಯಿ. ಹಿಂಬದಿಯ ಗಾಳಿಕಿಂಡಿಗಳು ಅದರ ನೀರನ್ನು ಒಂದು ಹನಿ ಬಿಡದೆ ಕುಡಿದವು. ಆಮೇಲೆ ಅವನು ಮಂಗಳಾರತಿ ಎತ್ತಿ ಸ್ವಿಚ್ಚು ಒತ್ತಿದ.

ಪಟ್ ಎಂದಿತು. ಕೊಬ್ಬರಿ ಸುಟ್ಟ ವಾಸನೆ ಬಂತು.

‘ನೈವೇದ್ಯ ಸ್ವೀಕಾರ ಆಯ್ತು,’ ಎಂದಳು ಬೃಂದಾ.

ಮೈಸೂರಿನಿಂದ ಬಂದ ರಿಪೇರಿಯವನು ಬಿಚ್ಚಿ ನೋಡಿ, ಸುಟ್ಟಿರುವುದು ಎಸ್‌ಎಂಪಿಎಸ್ ಮಾತ್ರ ಎಂದ. ಗೋಡೆಯ ಕರೆಂಟನ್ನು ಪಳಗಿಸಿ ಒಳಗಿನ ಅಂಗಾಂಗಗಳಿಗೆ ಹಂಚುವ ತಗಡಿನ ಡಬ್ಬಿ ಅದು. ಉಳಿದದ್ದೆಲ್ಲ ಸರಿಯಿದೆ, ಬರೆದದ್ದು ಬರೆದಂತೆ ಒಳಗೇ ಇದೆ. ‘ಆದರೆ ಇಷ್ಟು ಹಳೇ ಮಾಡಲ್ಲಿಗೆ ಹೊಸ ಡಬ್ಬಿ ಕೂರಲ್ಲ. ಇದರ ವಾರಗೆಯದ್ದೇ ಇನ್ನೊಂದು ಎಲ್ಲಾದ್ರೂ ಸತ್ತಿದ್ರೆ, ಅದರ ಹೊಟ್ಟೇಲಿರೋದನ್ನ ತಗೊಂಬನ್ನಿ.’

ಅದೇ ವಾರ ಚೆಲುವಯ್ಯನವರು ಕೊರಳಲ್ಲಿ ಒಂದು ತೂತು ಮತ್ತು ಬ್ಯಾಂಡೇಜಿನೊಂದಿಗೆ ಬಂದು ಸ್ಟೂಲಿನ ಮೇಲೆ ಕೂತರು. ಕಂಪ್ಯೂಟರಿನ ಕಡೆಗೆ ಕಿವಿ ಮಾಡಿದರು.

ಕನಕರಾಜು ನಿಜ ಹೇಳುವ ಧೈರ್ಯವಿಲ್ಲದೆ, ಹಿಂದಿನ ರಾತ್ರಿ ತಾನೇ ಬರೆದಿದ್ದ ಹಾಳೆ ತೆಗೆದು ಓದಿದ: ‘ನನ್ನ ಪ್ರೀತಿಯ ಪುತ್ರಿ ಚಿರಂಜೀವಿ ಸೌಭಾಗ್ಯವತಿ ಶಾಂತಲಾಳು ನನ್ನ ಉತ್ತರಕ್ರಿಯೆಗೆ ತಪ್ಪದೆ ಆಗಮಿಸಿ...’

ಚೆಲುವಯ್ಯ ತಲೆ ಅಡ್ಡಡ್ಡ ಆಡಿಸಿದರು. ಹಾಳೆಯನ್ನು ಕೈಯಿಂದ ತೆಗೆದು ಕೆಳಗಿಟ್ಟರು. ಕಂಪ್ಯೂಟರಿನ ಕಡೆ ಬೆರಳು ತೋರಿದರು. ಕನಕರಾಜು ಸುಟ್ಟ ಡಬ್ಬಿ ತೋರಿಸಿದ. ಅವರು ಅದನ್ನು ಮೂಸಿದರು. ಹೋಗುವಾಗ ಕಂಪ್ಯೂಟರಿನ ಬೆನ್ನನ್ನು, ಮೇವು ಬಿಟ್ಟ ಎತ್ತಿನ ಬೆನ್ನನ್ನು ಸವರುವ ಹಾಗೆ, ಸವರಿ ಹೋದರು.

‘ಗಡ್ಡೆ ಪೂರ್ತಿ ತೆಗೆಯಕ್ಕಾಗಲಿಲ್ವಂತೆ, ಅವ್ರಿಗೆ ದೀಪಾವಳಿ ಕಳೆಯಲ್ವಂತೆ,’ ಎಂದಳು ಬೃಂದಾ. ‘ಒಂದು ಸಾಲಾದ್ರೂ ಜ್ಞಾಪಿಸಿಕೊಳ್ರಿ. ಇಡೀ ಮಧ್ಯಾಹ್ನ ಎದುರಿಗೆ ಕೂತು ಕೇಳಿದ್ದೀರಿ.’

‘ನಾನೆಲ್ಲಿ ಕೇಳಿದೆ? ನಾನು ಟೈಪ್ ಮಾಡ್ತಿದ್ದೆ.’

ಹೀಗೆ ಡಬ್ಬಿಯ ಬೇಟೆ ಶುರುವಾಯಿತು.

ಮೊದಲು ಹುಣಸೂರಿನ ಗುಜರಿ. ಕುಳ್ಳಯ್ಯನ ರಾಶಿಯಲ್ಲಿ ಲೋಕದ ಸಕಲ ಯಂತ್ರಗಳೂ ಸಮಾನ ಗೌರವದಿಂದ ತುಕ್ಕು ಹಿಡಿಯುತ್ತಿದ್ದವು.

‘ಆ ಡಬ್ಬಿಗಳಾ? ಬಂದಿದ್ವು ಬುಡಿ,’ ಎಂದ ಕುಳ್ಳಯ್ಯ. ‘ಒಳಗಿರೋ ಫ್ಯಾನನ್ನ ಬಜ್ಜಿಯೋರು ಒಲೆ ಊದಕ್ಕೆ ತಗಂಡೋದ್ರು. ತಾಮ್ರ ಕರಗೋಯ್ತು. ತಗಡಿನ ಡಬ್ಬಿ ಇನ್ನೂ ನಮ್ಮ ಬೀದಿ ಗಣಪತಿಗೆ ಹುಂಡಿ ಆಗೈತೆ. ಬೇಕಾದ್ರೆ ದುಡ್ಡು ಆಕಿ ನೋಡ್ಕಬನ್ನಿ.’

‘ಅರ್ಜೆಂಟ್ ಕಣ್ರೀ. ಒಬ್ಬರು ಕಾಯ್ತಾವ್ರೆ. ಮೈಗೆ ಹುಷಾರಿಲ್ಲ.’

‘ಯಾರಿಗೆ?’

‘ಕಲ್ಲುಮಂಟಿ ಚೆಲುವಯ್ಯನವರಿಗೆ.’

‘ಉಸಾರಿಲ್ದೋರಿಗೆ ಕಂಪ್ಯೂಟರ್ ಯಾಕ್ರೀ? ಎಳ್ನೀರು ಕೊಡಿ.’

ಎಳನೀರಿನ ಮಾತು ಕನಕರಾಜುವಿಗೆ ನಾಟಿತು. ಕೆ.ಆರ್. ನಗರದ ಬಸ್ಸು ಹತ್ತಿದ. ಅಲ್ಲಿಯ ಒಂದು ಟೈಪಿಂಗ್ ಇನ್ಸ್ಟಿಟ್ಯೂಟಿನಲ್ಲಿ ಇದೇ ಮಾಡಲ್ ಇದೆ ಎಂದು ಕುಳ್ಳಯ್ಯನೇ ಹೇಳಿದ್ದ.

ಇತ್ತು. ಮುಂದಿನ ಕೋಣೆಯ ನಡುವೆ, ಕಸೂತಿ ಹಾಕಿದ ಮುಸುಕಿನ ಕೆಳಗೆ, ಊದಿನಕಡ್ಡಿಯ ಹೊಗೆಯಲ್ಲಿ ಕೂತಿತ್ತು. ಪ್ರಿನ್ಸಿಪಾಲರು ಮುಸುಕು ಎತ್ತಲು ಬಿಡಲಿಲ್ಲ.

‘ಕೆಲಸ ಮಾಡುತ್ತಾ ಸಾರ್?’

‘ಮಾಡಿ ಏನಾಗಬೇಕು? ಇದನ್ನ ನೋಡಿಯೇ ಅಡ್ಮಿಷನ್ ಆಗ್ತಾವೆ. ಮೂರನೇ ವರ್ಷಕ್ಕೆ ಮುಟ್ಟಿಸ್ತೀವಿ ಅಂತೀವಿ. ಮೂರನೇ ವರ್ಷಕ್ಕೆ ಹುಡುಗೀರಿಗೆ ಮದುವೆ ಆಗಿರುತ್ತೆ.’

‘ಒಳಗಿನ ಡಬ್ಬಿ ಒಂದೇ ಸಾರ್. ಹೊರಗಿನಿಂದ ಗೊತ್ತೇ ಆಗಲ್ಲ. ಒಬ್ಬರು ಸೀರಿಯಸ್ ಆಗಿದ್ದಾರೆ.’

‘ಎಷ್ಟು ಸೀರಿಯಸ್?’

‘ಇವತ್ತೋ ನಾಳೆಯೋ.’

ಹುಣಸೂರಿನಲ್ಲಿ ಮೈಗೆ ಹುಷಾರಿಲ್ಲದಿದ್ದ ಚೆಲುವಯ್ಯನವರು ಕೆ.ಆರ್. ನಗರ ತಲುಪುವಷ್ಟರಲ್ಲಿ ಆ ಸ್ಥಿತಿಗೆ ಬಂದಿದ್ದರು. ಪ್ರಿನ್ಸಿಪಾಲರ ಮುಖ ಕೊಂಚ ಮೆದುವಾಯಿತು. ಬಾಗಿಲು ಹಾಕಿ, ಸ್ಕ್ರೂ ಬಿಚ್ಚಿದರು. ಒಳಗೆ ಇಲಿಯೊಂದು ಸಂಸಾರ ಹೂಡಿತ್ತು. ಎಸ್‌ಎಂಪಿಎಸ್ಸಿನ ತಂತಿಗಳು ಅದರ ಮರಿಗಳಿಗೆ ಹಾಸಿಗೆಯಾಗಿದ್ದವು.

‘ನಮ್ಮ ಜೊತೆ ಇದೇ ಲಾಟಿನಲ್ಲಿ ಬೀಚನಹಳ್ಳಿಯ ಒಂದು ಆಫೀಸೂ ತಗೊಂಡಿತ್ತು,’ ಎಂದರು ಪ್ರಿನ್ಸಿಪಾಲರು, ಮುಚ್ಚಳವನ್ನು ಮೆಲ್ಲಗೆ, ಮರಿಗಳಿಗೆ ಎಚ್ಚರವಾಗದಂತೆ ಮುಚ್ಚುತ್ತ. ‘ಅಲ್ಲಿ ಇಲಿ ಇರಲ್ಲ. ತಿನ್ನೋಕೆ ಫೈಲುಗಳಿವೆ, ಆದ್ರೆ ಬೆಕ್ಕೂ ಇದೆ.’

ಬೀಚನಹಳ್ಳಿಯ ಆ ಆಫೀಸು ಅಣೆಕಟ್ಟೆಯ ನೀರಿನ ಸದ್ದಿನಲ್ಲಿ ತೂಕಡಿಸುತ್ತಿತ್ತು. ಸ್ಟೋರಿನ ಜವಾಬ್ದಾರಿಯ ಸಾಹೇಬರು ಕಪಾಟಿನ ಗಾಜಿನಾಚೆಗೆ ತೋರಿಸಿದರು. ಅದೇ ಮಾಡಲ್. ಧೂಳು ಬಿಟ್ಟರೆ ಅಕಳಂಕ.

‘ಕಂಡಮ್ ಆಗಿದೆ, ಕೆಲಸಕ್ಕೆ ಬಾರದ್ದು,’ ಎಂದರು ಸಾಹೇಬರು.

‘ಹಾಗಾದ್ರೆ ಸಾರ್, ಆ ಡಬ್ಬಿ...’

‘ಆದರೆ ಕಂಡಮ್ ಆಗಿದೆ ಅನ್ನೋ ಆರ್ಡರ್ ಬಂದಿಲ್ಲ. ಬರೋ ತನಕ ಅದು ಕೆಲಸ ಮಾಡ್ತಿದೆ ಅಂತಲೇ ಅರ್ಥ. ಕೆಲಸ ಮಾಡ್ತಿರೋ ಕಂಪ್ಯೂಟರಿನ ಹೊಟ್ಟೆ ಬಗೆದು ಕೊಡೋಕಾಗುತ್ತಾ?’

‘ಸಾರ್, ಒಬ್ಬರು ತುಂಬ ಸೀರಿಯಸ್ಸು.’

‘ಬದುಕಿರೋರೆಲ್ಲ ಸೀರಿಯಸ್ಸೇ ಕಣ್ರೀ. ನನಗೂ ಬಿ.ಪಿ. ಇದೆ.’

ಕನಕರಾಜು ಕಪಾಟಿನ ಕಡೆ ನೋಡಿದ. ಸ್ಟೂಲಿನ ಮೇಲೆ ಕಿವಿಗೊಟ್ಟು ಕೂತಿದ್ದ ಮುದುಕರನ್ನು ನೆನೆದ. ಅವನ ಬಾಯಿ, ತಲೆಯನ್ನು ಕೇಳದೆ, ಹೇಳಿಬಿಟ್ಟಿತು:

‘ಹೋಗ್ಬಿಟ್ರು ಸಾರ್. ತಿಥಿ ಕಾರ್ಡಿಗೆ ಬೇಕು.’

ಸಾಹೇಬರು ಎದ್ದು ನಿಂತರು. ಅಟೆಂಡರು ಬೀಡಿ ಆರಿಸಿದ. ಯಾರೋ ಫ್ಯಾನು ಹಾಕಿದರು, ಯಾರೋ ನೀರು ತಂದರು. ಬದುಕಿದ್ದವನಿಗೆ ತೆರೆಯದ ಕಪಾಟಿನ ಬೀಗದಕೈ ತಾನಾಗಿ ಹೊರಬಂತು. ಸರ್ಕಾರಿ ಕಚೇರಿಗೆ ಹೋಗುವವರು ಇದನ್ನು ಗಮನದಲ್ಲಿಡಬಹುದು.

‘ಸಾವಿನ ಮನೆ ಕೆಲಸಕ್ಕೆ ಅಡ್ಡ ಬಂದ್ರೆ ನನಗೆ ಒಳ್ಳೇದಾಗುತ್ತೇನ್ರೀ,’ ಎಂದರು ಸಾಹೇಬರು. ‘ಯಾರು ಹೋಗಿದ್ದು?’

‘ಕಲ್ಲುಮಂಟಿ ಚೆಲುವಯ್ಯನವರು.’

ಸ್ಕ್ರೂಡ್ರೈವರ್ ಹಿಡಿದು ಡಬ್ಬಿ ಬಿಚ್ಚುತ್ತಿದ್ದ ಕಂಪ್ಯೂಟರ್ ಆಪರೇಟರ್ ಅನುಶ್ರೀ ತಲೆ ಎತ್ತಿದಳು. ‘ನಮ್ಮ ಬೇಗೂರಿನ ಶಾಂತಲಕ್ಕನ ತಂದೆನಾ? ಅಯ್ಯೋ, ಅಕ್ಕಂಗೆ ಯಾರಾದ್ರೂ ಹೇಳಿದ್ರಾ?’

ಈಗ ನಿಜ ಹೇಳಬಹುದಿತ್ತು. ಆದರೆ ಡಬ್ಬಿ ಇನ್ನೂ ಅರ್ಧ ಮಾತ್ರ ಹೊರಗೆ ಬಂದಿತ್ತು.

‘ಗೊತ್ತಿಲ್ಲಮ್ಮ,’ ಎಂದ ಕನಕರಾಜು.

‘ಸಾಯಂಕಾಲ ಊರಿಗೆ ಹೋಗ್ತೀನಲ್ಲ, ನಾನೇ ಹೇಳ್ತೀನಿ.’ ಅವಳು ಕಣ್ಣೊರೆಸಿಕೊಂಡು ಡಬ್ಬಿ ಕೈಗಿತ್ತಳು. ‘ಇದರದ್ದು ಎರಡು ಪ್ಲಗ್ ಇವೆ ನೋಡಿ, ಒಂದೇ ಥರ. ಅಕ್ಕಪಕ್ಕ ಚುಚ್ಚಬೇಕು. ಕರಿ ತಂತಿ ಪಕ್ಕ ಕರಿ ತಂತಿ ಬರಬೇಕು. ಅದಲುಬದಲಾದ್ರೆ ಎಲ್ಲ ಸುಟ್ಟೋಗುತ್ತೆ.’

ಸಾಹೇಬರು ಆಗಲೇ ಫೋನಿನಲ್ಲಿ ಹುಣಸೂರಿನ ಯಾರಿಗೋ ಸುದ್ದಿ ಮುಟ್ಟಿಸುತ್ತಿದ್ದರು. ವಾಪಸು ಬರುವ ಬಸ್ಸಿನಲ್ಲಿ, ಕನಕರಾಜುವಿನ ತೊಡೆಯ ಮೇಲಿನ ಟವೆಲು ಸುತ್ತಿದ ಡಬ್ಬಿಗೆ, ಸುದ್ದಿ ತಿಳಿದಿದ್ದ ಕಂಡಕ್ಟರು ಲಗೇಜು ಚಾರ್ಜು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಕನಕರಾಜು ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಡಬ್ಬಿಯನ್ನು ಅದರ ಗೂಡಿನಲ್ಲಿ ಕೂರಿಸಿದ. ಕೂತಿತು. ಎರಡು ಪ್ಲಗ್ಗುಗಳನ್ನು ಅಂಗೈಯಲ್ಲಿಟ್ಟು ನೋಡಿದ. ಒಂದೊಂದರಲ್ಲೂ ಒಂದು ಕೊನೆಗೆ ಕರಿ ತಂತಿಗಳು. ಅನುಶ್ರೀ ಏನೋ ಹೇಳಿದ್ದಳು. ಕರಿಯ ವಿಷಯ. ಪಕ್ಕದಲ್ಲಿ ಎಂದಳೋ, ಪಕ್ಕಕ್ಕೆ ಇಡಿ ಎಂದಳೋ. ಆ ಹೊತ್ತಿನಲ್ಲಿ ಅವನು ಕೇಳುತ್ತಿರಲಿಲ್ಲ, ಡಬ್ಬಿ ತೆಗೆದುಕೊಳ್ಳುತ್ತಿದ್ದ.

ಹೀಗೂ ಚುಚ್ಚಬಹುದಿತ್ತು, ಹಾಗೂ ಚುಚ್ಚಬಹುದಿತ್ತು. ಒಂದು ರೀತಿಯಲ್ಲಿ ಇಟ್ಟರೆ ಕರಿಯೆಲ್ಲ ನಟ್ಟನಡುವೆ ಗುಂಪುಗೂಡುತ್ತಿತ್ತು. ಇನ್ನೊಂದು ರೀತಿಯಲ್ಲಿ ಇಟ್ಟರೆ ನಡುವೆ ಕೆಂಪು, ಹಳದಿ, ಅರಿಶಿನ ಕುಂಕುಮದ ಭರಣಿಗಳಂತೆ. ಕರಿ ಎರಡೂ ತುದಿಗೆ, ದೃಷ್ಟಿಬೊಟ್ಟಿನಂತೆ. ಶುಭಕಾರ್ಯಕ್ಕೆ ಹೊರಟ ಯಾವ ಗೃಹಸ್ಥನಿಗೂ ಇಲ್ಲಿ ಗೊಂದಲವಿರಲು ಸಾಧ್ಯವಿಲ್ಲ. ಕರಿಯನ್ನು ನಡುವೆ ಯಾರಾದರೂ ಇಡುತ್ತಾರೆಯೇ?

‘ಸರಿಯಾಗಿ ನೋಡಿ ಚುಚ್ಚಿದ್ರಾ?’ ಎಂದಳು ಬೃಂದಾ.

‘ಮಂಗಳಕರವಾಗಿದೆ,’ ಎಂದು ಕನಕರಾಜು ಸ್ವಿಚ್ಚು ಒತ್ತಿದ.

ಈ ಸಲ ಹೊಗೆ ಡಬ್ಬಿಯಿಂದ ಬರಲಿಲ್ಲ. ಒಳಗಿನಿಂದ ಬಂತು. ದಟ್ಟವಾಗಿ, ನಿಧಾನವಾಗಿ, ಹೊಗೆಸೊಪ್ಪಿನ ಬ್ಯಾರಿನ ಹೊಗೆಯಂತೆ. ಒಂದು ಮಧ್ಯಾಹ್ನದ ಮಾತುಗಳೆಲ್ಲ ಓಣಿಗೆ ಹೋಗಿ ಕರಗಿದವು. ಬೃಂದಾ ಗೋಡೆಯ ಸ್ವಿಚ್ಚು ಆರಿಸಿದಳು.

ಕಾಲಿಗೆ ಬಿದ್ದು ನಿಜ ಹೇಳಿಬಿಡುವುದೆಂದು ಕನಕರಾಜು ಕಲ್ಲುಮಂಟಿಯ ಬಸ್ಸು ಹತ್ತಿದ. ಬಸ್ಸಿನ ತುಂಬ ಹಾರಗಳಿದ್ದವು. ಎಲ್ಲರ ತೊಡೆಯ ಮೇಲೂ ಹಾರ, ಕೆಲವರ ಕೈಯಲ್ಲಿ ಊದಿನಕಡ್ಡಿಯ ಕಟ್ಟು.

‘ಏನ್ಲಾ ಕನಕ್ರಾಜು, ಕಾರ್ಡ್ ನೀನೇ ಮಾಡ್ತಿರೋದಂತೆ?’ ಎಂದ ಹಿಂದಿನ ಸೀಟಿನವನು. ‘ತಿಥಿ ಯಾವತ್ತು?’

‘ಯಾರದ್ದು?’

‘ನೋಡಪ್ಪ, ಇವ್ನೇ ಸುದ್ದಿ ತಂದೋನು, ಇವ್ನೇ ಕೇಳ್ತಾವ್ನೆ. ಪಾಪ, ಬಾಳ ಬೇಕಾದೋರು ಅವ್ನಿಗೆ. ತಲೆ ಕೆಟ್ಟೋಗೈತೆ.’

ಕಲ್ಲುಮಂಟಿಯಲ್ಲಿ ಚೆಲುವಯ್ಯನವರು ಜಗುಲಿಯ ಮೇಲೆ ಕೂತು ರಾಗಿಗಂಜಿ ಕುಡಿಯುತ್ತಿದ್ದರು.

ಅಂಗಳದ ತುಂಬ ಜನ. ಕೈಯಲ್ಲಿ ಹಾರ ಹಿಡಿದು ನಿಂತಿದ್ದರು. ಹಾಕುವ ಹಾಗಿಲ್ಲ, ಕೆಳಗಿಡುವ ಹಾಗೂ ಇಲ್ಲ. ಕೆರೆ ಏರಿಯಿಂದಲೇ ಎದೆ ಬಡಿದುಕೊಂಡು ಬಂದ ಚಿಕ್ಕಮಾದಮ್ಮ, ಚೆಲುವಯ್ಯನವರ ತಂಗಿ, ಅಣ್ಣನ ಮುಂದೆಯೇ ಕೂತು ಅಳುತ್ತಿದ್ದಳು.

‘ಅತ್ತೆ, ಸುಮ್ನಿರು. ಅಪ್ಪ ಬದುಕವ್ನೆ,’ ಎಂದು ನೀಲಕಂಠಸ್ವಾಮಿ ಗದರಿದ.

‘ಗೊತ್ತು ಕಣ್ಲಾ. ಸುರು ಮಾಡಿದ್ಮೇಲೆ ಅರ್ಧಕ್ಕೆ ನಿಲ್ಸಬಾರ್ದು. ಮನೆಗೆ ಒಳ್ಳೇದಲ್ಲ.’

‘ಯಾವನ್ಲಾ ಸುದ್ದಿ ಅಬ್ಬಿಸ್ದೋನು?’ ನೀಲಕಂಠಸ್ವಾಮಿ ಅಂಗಳವನ್ನೇ ವಿಚಾರಣೆ ಮಾಡಿದ. ಒಬ್ಬನಿಗೆ ಕಂಡಕ್ಟರು ಹೇಳಿದ್ದ. ಕಂಡಕ್ಟರಿಗೆ ಬೀಚನಹಳ್ಳಿಯ ಅಟೆಂಡರು. ಇನ್ನೊಬ್ಬನಿಗೆ ಹುಣಸೂರಿನ ಫೋನು. ಎಲ್ಲ ದಾರಿಗಳೂ ಬಂದು, ಬೇಲಿಯ ಪಕ್ಕ ಚಪ್ಪಲಿ ಬಿಡುತ್ತಿದ್ದ ಕನಕರಾಜುವಿನ ಹತ್ತಿರ ನಿಂತವು. ನೀಲಕಂಠಸ್ವಾಮಿ ಅವನ ಕಾಲರು ಹಿಡಿದು ಎತ್ತಿದ. ಆಗಲೇ ಬೇಗೂರಿನ ಜೀಪು ಬಂದು ನಿಂತಿತು.

ಶಾಂತಲಾ ಇಳಿದಳು. ಮಡಿಲಲ್ಲಿ ಅಕ್ಕಿ, ಕೈಯಲ್ಲಿ ಕಾಯಿ, ಹೊಸ ಪಂಚೆ. ಗಂಡ ವಸಂತ್ ಜೀಪಿನ ಬಳಿಯೇ ನಿಂತ. ಜನ ದಾರಿ ಬಿಟ್ಟರು. ಅವಳು ಹೊಸಿಲ ಹತ್ತಿರದ ತನಕ ಬಂದಳು, ಜಗುಲಿಯ ಮೇಲೆ ಗಂಜಿಯ ಲೋಟ ಹಿಡಿದ ಅಪ್ಪನನ್ನು ಕಂಡಳು. ಅಕ್ಕಿ ಚೆಲ್ಲಿತು.

‘ನಿಂತ್ಕೊ ಅಲ್ಲೇ,’ ಎಂದ ನೀಲಕಂಠಸ್ವಾಮಿ, ಕನಕರಾಜುವನ್ನು ಕೆಳಗಿಟ್ಟು. ‘ಅಪ್ಪ ಸತ್ತಿಲ್ಲ. ಓಯ್ತಾ ಇರು.’

‘ಅಣ್ಣ, ಸತ್ತೋದ್ರು ಅಂದ್ರು...’

‘ಸುಳ್ಳು. ಬದುಕವ್ನೆ. ಬದುಕಿರೋಗಂಟ ನೀನು ಬರಂಗಿಲ್ಲ.’

ಎಲ್ಲರೂ ಊರಿನ ಯಜಮಾನ ಕೆಂಪಯ್ಯನವರ ಕಡೆ ನೋಡಿದರು. ಅವರು ಎಲೆಯಡಿಕೆ ಉಗಿದು, ಕಷ್ಟಪಟ್ಟು ತೀರ್ಪು ಕೊಟ್ಟರು. ‘ಆಣೆ ಆಣೇನೇ ಕಣವ್ವ. ಮಾರಿ ಕೇಳಿಸ್ಕಂಡವ್ಳೆ. ಇವತ್ತು ಓಗಿರು. ಅವ್ನು ಸತ್ಮೇಲೆ ಬಾ, ಮುಖ ನೋಡೀವಂತೆ. ಯಾರೂ ಬ್ಯಾಡ ಅನ್ನಲ್ಲ.’

‘ಆಗ ನೋಡಿ ಏನ್ಮಾಡ್ಲಿ ಯಜಮಾನ್ರೇ? ಇಲ್ಲೇ ಬೇಲಿ ಹೊರಗೆ ಕೂತಿರ್ತೀನಿ. ಯಾವಾಗ ಅಂತ ಹೇಳಿ.’

ಕೆಂಪಯ್ಯನವರು ಇನ್ನೊಂದು ಎಲೆಗೆ ಸುಣ್ಣ ಹಚ್ಚಿದರು.

ಚೆಲುವಯ್ಯನವರು ಲೋಟ ಕೆಳಗಿಟ್ಟರು. ಟವೆಲಿನಲ್ಲಿ ಬಾಯಿ ಒರೆಸಿಕೊಂಡರು. ಜಗುಲಿಯಿಂದ ಇಳಿದು, ಗುಂಪಿನಲ್ಲಿ ಎಲ್ಲಕ್ಕಿಂತ ದಪ್ಪ ಹಾರ ಹಿಡಿದಿದ್ದವನ ಮುಂದೆ ನಿಂತು, ಹಾರವನ್ನು ಅವನ ಕೈಯಿಂದ ತೆಗೆದುಕೊಂಡು ತಾವೇ ಹಾಕಿಕೊಂಡರು. ಹೊಸಿಲು ದಾಟಿ ಒಳಗೆ ಹೋದರು. ನಡುಮನೆಯಲ್ಲಿ, ಬರಿನೆಲದ ಮೇಲೆ, ಗೋಡೆ ಹಿಡಿದು ಕೂತರು. ದಿಕ್ಕು ನೋಡಿಕೊಂಡರು. ಆಮೇಲೆ ತಲೆಯನ್ನು ತೆಂಕಲಿಗೆ ಮಾಡಿ ಮಲಗಿ, ಕಾಲಿನ ಹೆಬ್ಬೆರಳುಗಳನ್ನು ಒಂದಕ್ಕೊಂದು ಜೋಡಿಸಿ, ಕಣ್ಣು ಮುಚ್ಚಿದರು.

ಮೊದಲು ಅರ್ಥ ಮಾಡಿಕೊಂಡವಳು ಚಿಕ್ಕಮಾದಮ್ಮ. ಅವಳ ಅಳುವಿಗೆ ಈಗ ಆಧಾರ ಸಿಕ್ಕಿತ್ತು. ದನಿ ಎತ್ತಿದಳು.

‘ಅಪ್ಪೋ! ಏನ್ ಆಟ ಇದು? ಏಳಪ್ಪೋ!’ ಎಂದ ನೀಲಕಂಠಸ್ವಾಮಿ.

ಕೆಂಪಯ್ಯನವರು ಬಾಗಿಲಿನಿಂದ ಇಣುಕಿದರು. ‘ತಲೆ ತೆಂಕಲಿಗೈತೆ. ಆರ ಬಿದ್ದೈತೆ. ಕೂಗಿದ್ರೂ ಮಾತಾಡ್ತಿಲ್ಲ.’

‘ಮಾತು ಓಗಿ ತಿಂಗ್ಳಾಯ್ತು ಕಣ್ ಯಜಮಾನ್ರೇ!’

‘ಅದು ನಿಮ್ಮನೆ ವಿಚಾರ. ತೆಂಕಲಿಗೆ ತಲೆ ಆಕಿ ಆರ ಬಿದ್ದ ಮನುಸನ್ನ ನಾನು ಬದುಕವ್ನೆ ಅಂತ ಅನ್ನಕ್ಕಾಗಲ್ಲ ಕಣ್ಲಾ. ಹಿಂದೆ ಯಾರೂ ಅಂದಿಲ್ಲ.’ ಅವರು ಶಾಂತಲಾಳ ಕಡೆ ತಿರುಗದೆ, ಕಂಬಕ್ಕೆ ಹೇಳುವಂತೆ ಹೇಳಿದರು: ‘ಮುಖ ನೋಡೋರು ನೋಡ್ಕಬೋದು.’

ಶಾಂತಲಾ ಹೊಸಿಲು ದಾಟಿದಳು.

ಅಪ್ಪನ ತಲೆಯ ಬಳಿ ಕೂತಳು. ಅಳುತ್ತ ಏನೇನೋ ಹೇಳಿದಳು. ಯಾಕೆ ಹೋದೆ, ಹೇಗಿದ್ದೇನೆ, ಮಗುವಿಗೆ ಹಲ್ಲು ಬಂದಿದೆ. ಸತ್ತವರಿಗೆ ಯಾರೂ ಹೇಳದ ವಿಷಯಗಳು. ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಕೆಂಪಯ್ಯನವರು ತೊಲೆ ನೋಡುತ್ತಿದ್ದರು. ಶಾಂತಲಾ ವೀಳ್ಯದೆಲೆಯಲ್ಲಿ ಬಾಯಿಗೆ ನೀರು ಬಿಟ್ಟಳು. ಗಂಟಲು ಗುಟುಕರಿಸಿತು. ಅಷ್ಟೂ ಜನ ಅದೇ ಕ್ಷಣದಲ್ಲಿ ಬೇರೆ ಕಡೆ ತಿರುಗಿದರು. ನೀಲಕಂಠಸ್ವಾಮಿಯೂ ತಿರುಗಿದ. ಮುದುಕರ ಕೈ ನೆಲದ ಮೇಲೆ ತಡಕಿ ಮಗಳ ಸೆರಗು ಹಿಡಿದುಕೊಂಡಿತು.

ಬಿಸಿಲು ಅಂಗಳ ದಾಟಿ ಜಗುಲಿಗೆ ಬಂತು. ನಾಟಕ ಎಷ್ಟು ಹೊತ್ತಿನದೆಂದು ತಿಳಿಯದೆ ಜನ ಕೂತಿದ್ದರು. ಯಾರೋ ಆಕಳಿಸಿದರು. ಕೊನೆಗೆ ಶಾಂತಲಾ ನೀರು ಕುಡಿಯಲು ಏಳಹೋದಾಗ ಸೆರಗು ಬರಲಿಲ್ಲ. ಬಿಡಿಸಲು ನೋಡಿದಳು. ಬೆರಳು ತಣ್ಣಗಿತ್ತು.

ಚಿಕ್ಕಮಾದಮ್ಮ ಅಳು ನಿಲ್ಲಿಸಿದಳು.

ಯಾವಾಗ ಎಂದು ಯಾರಿಗೂ ಗೊತ್ತಿಲ್ಲ.

ಮೂರನೆಯ ದಿನದ ಹಾಲುತುಪ್ಪ ಮುಗಿದ ಮೇಲೆ ನೀಲಕಂಠಸ್ವಾಮಿ ಓಣಿಗೆ ಬಂದ. ಹೊಡೆಯಲು ಬಂದನೆಂದು ಕನಕರಾಜು ಎದ್ದು ನಿಂತ. ಬಂದವನು ಸ್ಟೂಲಿನ ಮೇಲೆ ಕೂತ. ಕಾರ್ಡು ಆಗಬೇಕಿತ್ತು. ಕಂಪ್ಯೂಟರ್ ಇಲ್ಲದ ಕನಕರಾಜು ಅವನನ್ನು ಪಕ್ಕದ, ಸೀಸದ ಅಕ್ಷರದ ಮೊಳೆ ಜೋಡಿಸುವ ಹಳೇ ಪ್ರೆಸ್ಸಿಗೆ ಕರೆದುಕೊಂಡು ಹೋದ.

‘ದುಃಖತಪ್ತರು?’ ಎಂದು ಕನಕರಾಜು ಕೇಳಿದ.

ನೀಲಕಂಠಸ್ವಾಮಿ ತನ್ನ ಹೆಸರು ಹೇಳಿದ. ಹೆಂಡತಿಯದು ಹೇಳಿದ. ಆಮೇಲೆ ಬರಬೇಕಾದದ್ದು ಶಾಂತಲಾಳ ಹೆಸರು. ಅಪ್ಪ ಬದುಕಿದ್ದಾಗ ಅವಳು ಹೊಸಿಲು ತುಳಿದಳು ಎಂದರೆ ಮಾರಿಯ ಮುಂದೆ ಹಾಕಿದ ಆಣೆ ಮುರಿಯಿತು. ಮುರಿಯಲಿಲ್ಲ ಎಂದರೆ ಅವಳು ಸಾವಿಗೆ ಬಂದ ಮಗಳು. ಬಾಯಿಗೆ ನೀರು ಬಿಟ್ಟವಳ ಹೆಸರು ಇಲ್ಲದ ಕಾರ್ಡು ಇಲ್ಲ.

‘ಅವಳ್ದೂ ಆಕು. ಇನ್ನೇನು.’

ಕನಕರಾಜು ಅಣ್ಣ ತಂಗಿ ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಜೋಡಿಸಲು ಹೇಳಿದ. ಕರಿಯ ಪಕ್ಕ ಕರಿ. ಏನೂ ಸುಡಲಿಲ್ಲ.

‘ನಿಧನರಾದ ಸಮಯ?’ ಎಂದ.

ನೀಲಕಂಠಸ್ವಾಮಿ ಪೆಟ್ಟಿಗೆಯಿಂದ ಒಂದು ಮೊಳೆ ಎತ್ತಿ ವಾಪಸು ಹಾಕಿದ. ‘ಅವ್ಳು ಹೊಸಲು ತುಳಿಯೋಕೆ ಒಸಿ ಮುಂಚೆ ಅಂತ, ನೀನೇ ಒಂದು ಗಂಟೆ ನೋಡಿ ಆಕು.’

ತಿಥಿಯ ದಿನ ಊಟದ ಪಂಕ್ತಿಯಲ್ಲಿ ಶಾಂತಲಾ ಕಾರ್ಡು ಹಿಡಿದುಕೊಂಡು ಕನಕರಾಜುವಿನ ಎದುರು ಬಂದು ನಿಂತಳು. ಕಾರ್ಡಿನಲ್ಲಿ ಎಲ್ಲ ಕಾರ್ಡುಗಳಲ್ಲಿರುವ ಮಾತುಗಳಿದ್ದವು. ಬೃಂದಾ ಅವಳಿಗೆ ಎಲ್ಲ ಹೇಳಿದ್ದಳು.

‘ಅಪ್ಪ ನಿಮ್ಮತ್ರ ನನ್ ಬಗ್ಗೆ ಏನ್ ಬರೆಸಿದ್ರು ಅಣ್ಣ? ಒಂದ್ ಮಾತಾದ್ರೂ ಗ್ಯಾಪ್ಕ ಇಲ್ವಾ?’

ಕನಕರಾಜು ಎಲೆಯ ಮುಂದೆ ಕಣ್ಣು ಮುಚ್ಚಿ ಕೂತ. ಆ ಮಧ್ಯಾಹ್ನವನ್ನು ಕಿವಿಯಿಂದ ಹುಡುಕಿದ, ಬೆರಳಿನಿಂದ ಹುಡುಕಿದ. ಬೆರಳುಗಳು ಎಲೆಯ ಅಂಚಿನ ಮೇಲೆ ತಾವಾಗಿ ಕುಟ್ಟಿದವು.

‘ಉದ್ದ ಇತ್ತು ಕಣವ್ವ,’ ಎಂದ. ‘ಬಾಳ ಉದ್ದ ಇತ್ತು.’